ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಬಾಕಿ ಉಳಿಯುವ ಕೆಲಸ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಗಾಡಿ ಎತ್ತರಿಸಿದ್ದಾಯಿತು, ಈಗ ಏನೋ ಒಂದು ಸರಿಯಿಲ್ಲ. ಚಾಸಿಗೂ ಚಕ್ರಕ್ಕೂ ನಡುವೆ ಇರುವ ಪ್ರತಿಯೊಂದು ಹೋಸು, ಶಾಫ್ಟು, ರಾಡು, ಕೇಬಲನ್ನು ಕಂಪನಿಯವರು ಹಳೆಯ ಎತ್ತರಕ್ಕೆ ಅಳೆದು ಕೂರಿಸಿರುತ್ತಾರೆ. ಎತ್ತರ ಬದಲಾದರೆ ಅವನ್ನೂ ಒಂದೊಂದಾಗಿ ನೋಡಬೇಕು. ಬಹುತೇಕ ತೊಂದರೆಗಳು ಈ ಎರಡನೇ ಕೆಲಸವನ್ನು ಬಿಟ್ಟದ್ದರಿಂದಲೇ ಬಂದಿವೆ.

ಪ್ರಶ್ನೆ: ನನ್ನದು ಟೊಯೊಟಾ ಹೈಲಕ್ಸ್. ಮುಂದೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಜೋಡಿ) ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ, ಹಿಂದೆ ಪ್ಲೇಟ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗ್) ಚಾಸಿಗೆ ನೇತುಹಾಕುವ ಶ್ಯಾಕಲ್ ಉದ್ದದ್ದು ಹಾಕಿಸಿ ಸುಮಾರು 50 ಮಿ.ಮೀ. ಎತ್ತರಿಸಿದ್ದೇನೆ. ಕೆಲವೇ ತಿಂಗಳಲ್ಲಿ ಮುಂದಿನ ಆ್ಯಕ್ಸಲ್ ಬೂಟ್ (ಗ್ರೀಸ್ ಹಿಡಿದಿಡುವ ರಬ್ಬರ್ ಮುಸುಕು) ಹರಿದು ರಿಮ್ ತುಂಬ ಗ್ರೀಸ್ ಚೆಲ್ಲಿದೆ. ಫಸ್ಟ್ ಗೇರಿನಲ್ಲಿ ಎತ್ತಿದ ಕೂಡಲೇ ಸೀಟಿನ ಕೆಳಗೆ ನಡುಕ ಬರುತ್ತದೆ, ವೇಗ ಏರಿದ ಮೇಲೆ ನಿಲ್ಲುತ್ತದೆ. ಎರಡಕ್ಕೂ ಕಾರಣ ಒಂದೇನಾ? — ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮೂಲ ಒಂದೇ, ರಿಪೇರಿ ಮಾತ್ರ ಬೇರೆ ಬೇರೆ.

ಮೊದಲು ಮುಂದಿನದು. ನಿಜಕ್ಕೂ ಎಷ್ಟು ಎತ್ತರವಾಗಿದೆ ಎಂದು ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ; ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿನವರೆಗೆ ಟೇಪು ಹಿಡಿಯಬೇಕು. ಸ್ಟ್ರಟ್ ಕೂರುವುದು ಲೋವರ್ ಆರ್ಮಿನ ಮಧ್ಯಭಾಗದಲ್ಲಿ, ಚಕ್ರವಿರುವುದು ಅದರ ತುದಿಯಲ್ಲಿ. ಆದ್ದರಿಂದ ಮೇಲೆ ಇಟ್ಟ 25 ಮಿ.ಮೀ. ಸ್ಪೇಸರ್ ಚಕ್ರದ ಬಳಿ ಹೆಚ್ಚುಕಡಿಮೆ ಎರಡರಷ್ಟು ಎತ್ತರ ಕೊಡುತ್ತದೆ. ‘50 ಮಿ.ಮೀ. ಬೇಕು’ ಎಂದು 50 ಮಿ.ಮೀ. ದಪ್ಪದ ಸ್ಪೇಸರನ್ನೇ ಹಾಕಿದ್ದರೆ ನಿಮ್ಮ ಗಾಡಿ ಆ್ಯಕ್ಸಲ್ ತಾಳುವ ಮಿತಿಯನ್ನು ಆಗಲೇ ದಾಟಿದೆ. ಅಂಥದ್ದನ್ನು ತೆಗೆಸಿ.

ಲೆಕ್ಕ ಸರಿಯಿದ್ದು ನಿಜವಾಗಿ 50 ಮಿ.ಮೀ. ಮಾತ್ರ ಎದ್ದಿದ್ದರೂ ಸಿವಿ ಜಾಯಿಂಟ್ (ಆ್ಯಕ್ಸಲ್ ಶಾಫ್ಟಿನ ತುದಿಯ ಬಾಗುವ ಕೀಲು) ಮೊದಲಿಗಿಂತ ಹೆಚ್ಚು ಬಾಗಿ ತಿರುಗುತ್ತದೆ. ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ, ಬಿಸಿಯಾಗಿ, ಮಡಿಕೆಯ ಬುಡದಲ್ಲೇ ಸೀಳುತ್ತವೆ. ಪರೀಕ್ಷೆ ಹೀಗೆ: ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಎರಡೂ ಮುಂದಿನ ಚಕ್ರಗಳನ್ನು ನೇತಾಡಲು ಬಿಡಿ, ಸ್ಟೇರಿಂಗನ್ನು ಒಂದು ಲಾಕಿನಿಂದ ಇನ್ನೊಂದು ಲಾಕಿಗೆ ತಿರುಗಿಸಿ, ಚಕ್ರವನ್ನು ಕೈಯಲ್ಲಿ ನಿಧಾನವಾಗಿ ಸುತ್ತಿಸಿ. ಬೂಟಿನ ಮಡಿಕೆಗಳು ಒಂದರ ಮೇಲೊಂದು ಒತ್ತಿಕೊಂಡರೆ, ಶಾಫ್ಟ್ ಒಂದು ಜಾಗದಲ್ಲಿ ಬಿಗಿಹಿಡಿದರೆ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ) ಇಳಿಸುವ ಕಿಟ್ ಬೇಕು. ಅದರಲ್ಲಿ 20ರಿಂದ 25 ಮಿ.ಮೀ. ಬುಷ್‌ಗಳೂ ಅಷ್ಟೇ ಉದ್ದ ಹೆಚ್ಚಿರುವ 10.9 ದರ್ಜೆಯ ಬೋಲ್ಟುಗಳೂ ಇರುತ್ತವೆ. ಡಿಫರೆನ್ಷಿಯಲ್ ಇಳಿದಷ್ಟೇ ಸಂಪ್ ಗಾರ್ಡನ್ನೂ ಇಳಿಸಬೇಕು, ಇಲ್ಲದಿದ್ದರೆ ಎರಡೂ ತಾಗಿ ಗಡಗಡ ಎನ್ನುತ್ತವೆ. ಅಷ್ಟು ಗ್ರೌಂಡ್ ಕ್ಲಿಯರೆನ್ಸ್ ಕಳೆದುಕೊಳ್ಳುತ್ತೀರಿ ಎಂಬುದೂ ನೆನಪಿರಲಿ; ನಮ್ಮ ಅಭಿಪ್ರಾಯದಲ್ಲಿ ಲಿಫ್ಟನ್ನೇ 40 ಮಿ.ಮೀ.ಗೆ ಇಳಿಸುವುದು ಇದಕ್ಕಿಂತ ಒಳ್ಳೆಯದು.

ಹರಿದ ಬೂಟಿನೊಳಗೆ ಕೆಂಪು ಮಣ್ಣು ಸೇರಿದ್ದರೆ ಹೊಸ ಬೂಟ್ ಹಾಕಿ ಮುಗಿಸಬೇಡಿ. ಜಾಯಿಂಟ್ ಬಿಚ್ಚಿ, ತೊಳೆದು, ಗುಂಡುಗಳು ಓಡಾಡುವ ತೋಡಿನಲ್ಲಿ ಗೀರು, ಗುಳಿ ಇವೆಯೇ ನೋಡಿಸಿ. ಪೂರ್ತಿ ತಿರುಗಿಸಿ ಓಡಿಸುವಾಗ ಟಕಟಕ ಸದ್ದು ಬರುತ್ತಿದ್ದರೆ ಜಾಯಿಂಟೇ ಬದಲಾಗಬೇಕು. ಒಳಗೆ ಹೋಗುವುದು ಮಾಲಿಬ್ಡಿನಮ್ ಇರುವ ಸಿವಿ ಗ್ರೀಸ್. ವೀಲ್ ಬೇರಿಂಗಿನ ಮಾಮೂಲಿ ಗ್ರೀಸ್ ಅಲ್ಲ.

ಚಕ್ರ ನೇತಾಡುತ್ತಿರುವಾಗಲೇ ಮೇಲಿನ ಕಂಟ್ರೋಲ್ ಆರ್ಮ್ ಕಾಯಿಲ್ ಸ್ಪ್ರಿಂಗಿಗೆ ತಾಗುತ್ತಿದೆಯೇ ನೋಡಿ. ಸ್ಪ್ರಿಂಗಿನ ಮೇಲೆ ಬಣ್ಣ ಹೋಗಿ ಹೊಳೆಯುವ ಗೆರೆ ಇದ್ದರೆ ತಾಗಿದೆ ಎಂದೇ ಅರ್ಥ. 50 ಮಿ.ಮೀ.ಗಿಂತ ಮೇಲೆ ಹೋದವರು ಮೇಲಿನ ಆರ್ಮ್ ಬದಲಿಸಲೇಬೇಕು; ಬಾಲ್ ಜಾಯಿಂಟಿನ ಕೋನವನ್ನೂ, ಕಳೆದುಹೋದ ಕ್ಯಾಸ್ಟರನ್ನೂ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅದೇ ಸರಿಪಡಿಸುವುದು. ಸ್ಪೇಸರಿಗೆ ಇನ್ನೊಂದು ದೋಷವಿದೆ. ಇಡೀ ಸ್ಟ್ರಟನ್ನು ಅದು ಕೆಳಕ್ಕೆ ತಳ್ಳುವುದರಿಂದ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪ್ (ಚಕ್ರ ಅತಿ ಮೇಲೇರದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ಒಳಗಡೆ ಬುಡ ಮುಟ್ಟಬಹುದು. ಎಣ್ಣೆ ಸೋರಲು ಶುರುವಾದರೆ ಆ ಸ್ಪೇಸರನ್ನು ಬಿಟ್ಟು, ಲಿಫ್ಟಿಗೆಂದೇ ಮಾಡಿದ ಶಾಕ್ ಮತ್ತು ಸ್ಪ್ರಿಂಗ್ ಜೋಡಿಗೆ ಹೋಗಿ.

ಇನ್ನು ನಡುಕ. ಎತ್ತುವಾಗ ಬಂದು ವೇಗದಲ್ಲಿ ಹೋಗುವ ನಡುಕ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದದ ಶಾಫ್ಟ್) ಕೋನದ್ದು. ನಿಮ್ಮ ಶಾಫ್ಟ್ ಎರಡು ತುಂಡಿನದು, ಮಧ್ಯೆ ಸೆಂಟರ್ ಬೇರಿಂಗ್ ಇದೆ. ಹಿಂಭಾಗ ಎದ್ದಾಗ ಹಿಂದಿನ ತುಂಡು ಹೆಚ್ಚು ಇಳಿಜಾರಾಗುತ್ತದೆ. ಸಾಲದ್ದಕ್ಕೆ ಉದ್ದದ ಶ್ಯಾಕಲ್ ಪ್ಲೇಟ್ ಸೆಟ್ಟಿನ ಹಿಂದಿನ ತುದಿಯನ್ನು ಮಾತ್ರ ಕೆಳಗಿಳಿಸುವುದರಿಂದ ಹೌಸಿಂಗ್ (ಹಿಂದಿನ ಆ್ಯಕ್ಸಲಿನ ಕವಚ) ಹೊರಳಿ, ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಮೇಲಕ್ಕೆ ಏಳುತ್ತದೆ. ಆಗ ಆ ತುಂಡಿನ ಎರಡು ತುದಿಯ ಕ್ರಾಸ್‌ಗಳ (ಬಾಗುವ ಕೀಲು) ಕೋನ ಒಂದಕ್ಕೊಂದು ಹೊಂದುವುದಿಲ್ಲ. ಗಾಡಿ ಸಮತಟ್ಟಿನಲ್ಲಿ ತನ್ನ ಚಕ್ರದ ಮೇಲೆಯೇ ನಿಂತಿರುವಾಗ ಮುಂದಿನ ತುಂಡು, ಹಿಂದಿನ ತುಂಡು, ಪಿನಿಯನ್ ಫ್ಲ್ಯಾಂಜ್ ಈ ಮೂರರ ಮೇಲೂ ಡಿಜಿಟಲ್ ಆ್ಯಂಗಲ್ ಗೇಜ್ ಇಟ್ಟು ಬರೆದುಕೊಳ್ಳಿ. ಹಿಂದಿನ ತುಂಡಿನ ಎರಡು ತುದಿಯ ಕೋನಗಳ ವ್ಯತ್ಯಾಸ 1 ಡಿಗ್ರಿಯೊಳಗೆ ಬರಬೇಕು. ಸೆಂಟರ್ ಬೇರಿಂಗ್ ಬ್ರಾಕೆಟಿಗೂ ಚಾಸಿಗೂ ನಡುವೆ 10 ಮಿ.ಮೀ. ಸ್ಪೇಸರಿನಿಂದ ಆರಂಭಿಸಿ ಓಡಿಸಿ ನೋಡಿ. ಸಾಲದಿದ್ದರೆ ಪ್ಲೇಟ್ ಸೆಟ್ಟಿಗೂ ಹೌಸಿಂಗಿಗೂ ನಡುವೆ 2 ಡಿಗ್ರಿಯ ಬೆಣೆ ಕೊಡಿ. ಬೆಣೆ ಉಕ್ಕಿನದೇ ಇರಲಿ. ಅಲ್ಯೂಮಿನಿಯಂ ಒತ್ತಡಕ್ಕೆ ನಜ್ಜಾಗಿ ಯು-ಬೋಲ್ಟ್ ಸಡಿಲವಾಗುತ್ತದೆ, ಸಡಿಲ ಯು-ಬೋಲ್ಟಿನಲ್ಲಿ ಸೆಂಟರ್ ಬೋಲ್ಟ್ ತುಂಡಾಗುತ್ತದೆ. ಒಮ್ಮೆ ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಹಾಕಬೇಡಿ.

ಪ್ರಶ್ನೆ: ತೋಟದ ಕೆಲಸದ ಪಿಕಪ್‌ಗೆ ಹಿಂದೆ ಎರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದೆವು. ಅಂದಿನಿಂದ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಸುಟ್ಟ ವಾಸನೆ, ಪ್ಯಾಡ್ ಬೇಗ ಸವೆಯುತ್ತಿದೆ. ಹಿಂದಿನ ಲೈನರ್ ಹೊಸದರಂತೆಯೇ ಇದೆ. ಎಬಿಎಸ್ ಇಲ್ಲದ ಹಳೆಯ ಗಾಡಿ. — ಸಕಲೇಶಪುರ

ಉತ್ತರ: ಇದನ್ನು ಮುಂದೂಡಬೇಡಿ. ಹಿಂದಿನ ಹೌಸಿಂಗಿನಿಂದ ಒಂದು ಕಡ್ಡಿ ಮೇಲೆದ್ದು ಚಾಸಿಯಲ್ಲಿರುವ ಒಂದು ವಾಲ್ವಿಗೆ ಸೇರಿದೆಯೇ ನೋಡಿ. ಅದು ಲೋಡ್ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂದು ತೀರ್ಮಾನಿಸುವ ಎಲ್‌ಎಸ್‌ಪಿವಿ. ಲೋಡ್ ತುಂಬಿದಾಗ ಚಾಸಿ ಹೌಸಿಂಗಿನ ಹತ್ತಿರಕ್ಕೆ ಇಳಿಯುತ್ತದೆ, ಕಡ್ಡಿ ವಾಲ್ವನ್ನು ತೆರೆಯುತ್ತದೆ, ಹಿಂದಿನ ಡ್ರಮ್ಮಿಗೆ ಪೂರ್ತಿ ಬ್ರೇಕ್ ಸಿಗುತ್ತದೆ. ನೀವು ಚಾಸಿಯನ್ನು ಎತ್ತರಿಸಿದ್ದರಿಂದ ಚೀಲಗಳು ತುಂಬಿದ್ದಾಗಲೂ ವಾಲ್ವಿಗೆ ಗಾಡಿ ಖಾಲಿ ಎಂದೇ ತೋರುತ್ತದೆ. ಇಡೀ ಭಾರವನ್ನು ಮುಂದಿನ ಡಿಸ್ಕ್ ಹೊರುತ್ತದೆ, ಶಿರಾಡಿಯಂಥ ಇಳಿಜಾರಿನಲ್ಲಿ ಅದು ಕಾದು ಬ್ರೇಕ್ ಹಿಡಿಯದ ಸ್ಥಿತಿಗೂ ಹೋಗಬಹುದು.

ಪರಿಹಾರ ಸುಲಭ. ಗಾಡಿ ಎಷ್ಟು ಎದ್ದಿದೆಯೋ ಅಷ್ಟೇ ಎತ್ತರದ ಉಕ್ಕಿನ ಬ್ರಾಕೆಟ್ ಮಾಡಿಸಿ ಕಡ್ಡಿಯ ಕೆಳತುದಿಯನ್ನು ಹೌಸಿಂಗಿನಿಂದ ಮೇಲಕ್ಕೆ ತನ್ನಿ. ಖಾಲಿ ಗಾಡಿಯಲ್ಲಿ ಕಡ್ಡಿ ಮೊದಲಿದ್ದ ಕೋನಕ್ಕೇ ಬರಬೇಕು. ಕೆಲವು ಕಡೆ ಕಡ್ಡಿಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ಆಗ ಗಾಡಿ ಖಾಲಿಯಿದ್ದು ರಸ್ತೆ ಒದ್ದೆಯಾಗಿದ್ದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಕೆಲಸ ಮುಗಿದ ಮೇಲೆ ಯಾರೂ ಇಲ್ಲದ ಒದ್ದೆ ಮೈದಾನದಲ್ಲಿ ನಿಧಾನ ವೇಗದಲ್ಲಿ ಬ್ರೇಕ್ ಒತ್ತಿ ನೋಡಿ: ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು.

ಅದೇ ಹೊತ್ತಿಗೆ ಚಾಸಿಯಿಂದ ಹೌಸಿಂಗಿಗೆ ಇಳಿಯುವ ರಬ್ಬರ್ ಬ್ರೇಕ್ ಹೋಸು, ಹೌಸಿಂಗಿಗೆ ಗಾಳಿಯಾಡಲು ಇರುವ ಬ್ರೀದರ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಮೂರನ್ನೂ ಚಕ್ರ ಪೂರ್ತಿ ನೇತಾಡುತ್ತಿರುವಾಗ ನೋಡಿ. ಆಗಲೂ ಹೋಸು ಸ್ವಲ್ಪ ಬಾಗಿ ಸಡಿಲವಿರಬೇಕು. ನೆಟ್ಟಗೆ ಎಳೆದುಕೊಂಡಿದ್ದರೆ ಮೇಲಿನ ಬ್ರಾಕೆಟನ್ನು ಇಳಿಸಿ ಅಥವಾ ಉದ್ದದ ಹೋಸು ಹಾಕಿ. ಹೋಸು ಬದಲಿಸಿದರೆ ಬ್ರೇಕ್ ಪೂರ್ತಿ ಬ್ಲೀಡ್ ಮಾಡಬೇಕು (ಒಳಗೆ ಸೇರಿದ ಗಾಳಿಯನ್ನು ಹೊರಹಾಕಬೇಕು). ಪ್ಲೇಟ್ ಹೆಚ್ಚಾಯಿತೆಂದು ಲೋಡ್ ಹೆಚ್ಚಿಸುವ ಹಾಗಿಲ್ಲ. ಆರ್‌ಸಿಯಲ್ಲಿರುವ ತೂಕವೇ ಮಿತಿ.

ಪ್ರಶ್ನೆ: ಜಿಮ್ನಿಗೆ 50 ಮಿ.ಮೀ. ಸ್ಪ್ರಿಂಗ್ ಹಾಕಿಸಿದ ಮೇಲೆ ಹೈವೇಯಲ್ಲಿ ಸ್ಟೇರಿಂಗ್ ಅತ್ತಿತ್ತ ಹೋಗುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ. ಅಲೈನ್‌ಮೆಂಟ್ ಎರಡು ಕಡೆ ಮಾಡಿಸಿದೆ. — ಮೈಸೂರು

ಉತ್ತರ: ಮಾಮೂಲಿ ಅಲೈನ್‌ಮೆಂಟಿನಲ್ಲಿ ಈ ಗಾಡಿಗೆ ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಸರಿಹೋಗುತ್ತದೆ, ನಿಮ್ಮ ತೊಂದರೆ ಕ್ಯಾಸ್ಟರಿನದು. ಮುಂದಿನ ಹೌಸಿಂಗನ್ನು ಎರಡು ಉದ್ದದ ಆರ್ಮ್‌ಗಳು ಹಿಡಿದಿರುತ್ತವೆ. ಚಾಸಿ ಮೇಲೇರಿದಾಗ ಆರ್ಮ್ ಇಳಿಜಾರಾಗಿ ಹೌಸಿಂಗ್ ಮುಂದಕ್ಕೆ ಹೊರಳುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ, ಸ್ಟೇರಿಂಗಿಗೆ ನೇರಕ್ಕೆ ಮರಳುವ ಗುಣ ಹೋಗುತ್ತದೆ. 50 ಮಿ.ಮೀ. ಲಿಫ್ಟಿಗೆ ಮೂರು ಡಿಗ್ರಿ ಆಸುಪಾಸಿನ ತಿದ್ದುಪಡಿ ಕೊಡುವ ಆಫ್‌ಸೆಟ್ ಬುಷ್ ಅಥವಾ ಕ್ಯಾಸ್ಟರ್ ಪ್ಲೇಟ್ ಹಾಕಿಸಿ. ಬುಷ್ ಮೇಲಿನ ಗುರುತು ಎತ್ತ ಇರಬೇಕೆಂದು ಪ್ರೆಸ್ಸಿಗೆ ಕೂರಿಸುವ ಮೊದಲೇ ನೋಡಿಕೊಳ್ಳಿ; ತಿರುಗಿಸಿ ಕೂರಿಸಿದರೆ ತೊಂದರೆ ಎರಡರಷ್ಟಾಗುತ್ತದೆ.

ಇನ್ನೊಂದು ಕೆಲಸ, ಹೌಸಿಂಗ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನದು. ಅದರ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಹೌಸಿಂಗಿನಲ್ಲಿ. ಲಿಫ್ಟಿನಿಂದ ಹೌಸಿಂಗ್ ಒಂದು ಪಕ್ಕಕ್ಕೆ ಸರಿದಿರುತ್ತದೆ. ಎರಡೂ ಬದಿಯ ಫೆಂಡರಿನಿಂದ ತೂಗುಗುಂಡು ಬಿಟ್ಟು ಟೈರಿನವರೆಗಿನ ದೂರ ಅಳೆಯಿರಿ. ಎರಡರ ವ್ಯತ್ಯಾಸದ ಅರ್ಧದಷ್ಟು ಹೌಸಿಂಗ್ ಸರಿಸಬೇಕು. ಉದ್ದ ಹೊಂದಿಸಬಹುದಾದ ರಾಡ್ ಮುಂದೂ ಹಿಂದೂ ಬೇಕಾಗುತ್ತದೆ. ನಡುಕ ಬಂತೆಂದು ದಪ್ಪದ ಸ್ಟೇರಿಂಗ್ ಡ್ಯಾಂಪರ್ ಮಾರಲು ಬಂದರೆ ಒಪ್ಪಬೇಡಿ, ಅದು ರೋಗವನ್ನು ಮುಚ್ಚಿಡುತ್ತದೆ ಅಷ್ಟೇ.

ಪ್ರಶ್ನೆ: 265/65 ಆರ್17 ತೆಗೆದು 285/70 ಆರ್17 ಟೈರ್ ಹಾಕಿದ್ದೇನೆ. ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ? ಎದುರಿನವರೆಲ್ಲ ಲೈಟ್ ಮಿನುಗಿಸುತ್ತಾರೆ. — ಶಿವಮೊಗ್ಗ

ಉತ್ತರ: ಹಳೆಯ ಟೈರಿನ ವ್ಯಾಸ 776 ಮಿ.ಮೀ., ಹೊಸದರದ್ದು 831. ಶೇಕಡ 7 ವ್ಯತ್ಯಾಸ. ಮೊದಲು ಮುಳ್ಳು 80 ತೋರಿಸುತ್ತಿದ್ದಾಗ ಇರುತ್ತಿದ್ದ ವೇಗಕ್ಕಿಂತ ಈಗ ಐದಾರು ಕಿ.ಮೀ. ಹೆಚ್ಚಿರುತ್ತದೆ. ಓಡೋಮೀಟರ್ ಕಡಿಮೆ ಎಣಿಸುವುದರಿಂದ ಆಯಿಲ್ ಬದಲಾವಣೆಯನ್ನೂ ಅದಕ್ಕೆ ತಕ್ಕಂತೆ ಮುಂಚಿತವಾಗಿ ಮಾಡಿಸಿ. ಹೌಸಿಂಗಿನ ಕೆಳಗೆ ನಿಜವಾಗಿ ಎತ್ತರ ಸಿಗುವುದು ಟೈರಿನಿಂದಲೇ: ನಿಮಗೆ ಸುಮಾರು 27 ಮಿ.ಮೀ. ಸಿಕ್ಕಿದೆ. ಸ್ಪ್ರಿಂಗಿನ ಲಿಫ್ಟ್ ಹಿಂದಿನ ಹೌಸಿಂಗನ್ನು ಒಂದು ಮಿ.ಮೀ. ಕೂಡ ಎತ್ತುವುದಿಲ್ಲ.

ಟೈರ್ ಉಜ್ಜುವುದನ್ನು ನಿಂತ ಗಾಡಿಯಲ್ಲಿ ನೋಡಿದರೆ ತಿಳಿಯದು. ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಬಂಪ್ ಸ್ಟಾಪ್ ತಾಗುವಷ್ಟು ಒತ್ತಿದಾಗ ಪೂರ್ತಿ ತಿರುಗಿಸಿ ನೋಡಬೇಕು. ತಾಗಿದರೆ ಬಂಪ್ ಸ್ಟಾಪ್ ಉದ್ದ ಮಾಡಿ ಅಥವಾ ಸಣ್ಣ ಟೈರಿಗೆ ಮರಳಿ.

ಲೈಟಿಗೆ: ಸಮತಟ್ಟಾದ ನೆಲದಲ್ಲಿ 10 ಮೀಟರ್ ದೂರದ ಗೋಡೆಗೆ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ನಡುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಡಿಮ್ಮಿನ ಮೇಲಂಚು ಆ ಗುರುತಿಗಿಂತ 10ರಿಂದ 15 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಡ್ಯಾಶ್‌ಬೋರ್ಡಿನ ಲೆವೆಲರ್ ಸೊನ್ನೆಯಲ್ಲಿರಲಿ. ಥಾರ್ ರಾಕ್ಸ್‌ನಂತೆ ಎಡಾಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಇರುವ ಗಾಡಿಯವರು ಅದನ್ನೂ ಮರುಹೊಂದಿಸಬೇಕು. ಸ್ಥಿರತೆಯ ವ್ಯವಸ್ಥೆ ಇರುವವರು ಅಲೈನ್‌ಮೆಂಟ್ ಆದ ಮೇಲೆ ಸ್ಟೇರಿಂಗ್ ಕೋನದ ಸೆನ್ಸರನ್ನು ಸೊನ್ನೆ ಮಾಡಿಸಬೇಕು.

ಪ್ರಶ್ನೆ: ಇದೆಲ್ಲ ಕಾನೂನಿಗೆ ಸರಿಯೇ? — ಚಿಕ್ಕಮಗಳೂರು

ಉತ್ತರ: ಸಾರ್ವಜನಿಕ ರಸ್ತೆಗೆ ಕಾನೂನು ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಹೇಳುತ್ತದೆ. ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದಾಗ ಕ್ಲೇಮಿಗೆ ತೊಡಕಾಗುತ್ತದೆ.

ಪ್ರಶ್ನೆ: ಫಿಟ್ಟಿಂಗ್ ಆದ ಮೇಲೆ ಎಷ್ಟು ದಿನಕ್ಕೆ ಮತ್ತೆ ತೋರಿಸಬೇಕು? — ಹಾಸನ

ಉತ್ತರ: ದಿನದ ಲೆಕ್ಕ ಬೇಡ, ಕಿಲೋಮೀಟರ್ ನೋಡಿ. ಮೊದಲ 100 ಕಿ.ಮೀ.ಗೆ ವೀಲ್ ನಟ್ ಮತ್ತು ಯು-ಬೋಲ್ಟ್, 500 ಕಿ.ಮೀ.ಗೆ ಆರ್ಮ್, ಶ್ಯಾಕಲ್, ಶಾಕ್‌ಗಳ ಎಲ್ಲ ಬೋಲ್ಟುಗಳು ಟಾರ್ಕ್ ರೆಂಚಿನಲ್ಲಿ, ಜೊತೆಗೆ ಅಲೈನ್‌ಮೆಂಟ್ ಇನ್ನೊಮ್ಮೆ, ಏಕೆಂದರೆ ಹೊಸ ಸ್ಪ್ರಿಂಗ್ ಅಷ್ಟರಲ್ಲಿ ಸ್ವಲ್ಪ ಕುಳಿತಿರುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಹಾಕಬೇಕು. ಗ್ಯಾರೇಜಿನ ಲಿಫ್ಟಿನ ಮೇಲೆ ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಸಿ. ಗೆರೆ ತುಂಡಾಗಿ ಕಂಡರೆ ಆ ಬೋಲ್ಟ್ ಸಡಿಲಾಗಿದೆ.