ಓದುಗರ ಪ್ರಶ್ನೋತ್ತರ: ಸೇವಾ ಕ್ಲಬ್ಬಿಗೆ ಅತಿಥಿ ಬಂದಾಗ, ಸದಸ್ಯರು ಕೆಲಸಕ್ಕಿಳಿದಾಗ

ಸೇವಾ ಕ್ಲಬ್ಬುಗಳ ಸಭೆ, ಅತಿಥಿ ಉಪನ್ಯಾಸ, ಶ್ರಮದಾನ ಮತ್ತು ಶಿಬಿರಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಕಾರ್ಯಕ್ರಮ ಸಮಿತಿಯ ಹೊಣೆ ಹೊಸದಾಗಿ ನನ್ನ ಪಾಲಿಗೆ ಬಂದಿದೆ. ಅತಿಥಿಗಳಿಗೆ ಎಷ್ಟು ಮುಂಚೆ ಹೇಳಬೇಕು? ಆಹ್ವಾನದಲ್ಲಿ ಏನೇನಿರಬೇಕು?

ಆರರಿಂದ ಎಂಟು ವಾರ ಮುಂಚೆ ಕೇಳಿ. ಆಹ್ವಾನ ಪತ್ರದಲ್ಲಿ ಹೊಗಳಿಕೆ ಒಂದು ಸಾಲಿದ್ದರೆ ಸಾಕು, ಉಳಿದದ್ದೆಲ್ಲ ಮಾಹಿತಿಯಾಗಿರಲಿ: ಸಭೆ ಶುರುವಾಗುವ ಹೊತ್ತು, ಅತಿಥಿ ಮಾತಿಗೆ ನಿಲ್ಲುವ ಹೊತ್ತು (ಇವೆರಡೂ ಬೇರೆ ಬೇರೆ ಎಂಬುದನ್ನು ಹಲವರು ಬರೆಯುವುದೇ ಇಲ್ಲ), ಮಾತಿಗೆ ಎಷ್ಟು ನಿಮಿಷ, ಪ್ರಶ್ನೆಗಳಿಗೆ ಎಷ್ಟು, ಕೇಳುವವರು ಎಷ್ಟು ಮಂದಿ, ಅವರಿಗೆ ವಿಷಯ ಈಗಾಗಲೇ ಎಷ್ಟು ಗೊತ್ತು, ಮೈಕು, ಪ್ರೊಜೆಕ್ಟರ್ ಇವೆಯೇ, ಪ್ರಯಾಣದ ಖರ್ಚು ಯಾರದು, ಬಾಗಿಲಲ್ಲಿ ಬರಮಾಡಿಕೊಳ್ಳುವವರು ಯಾರು, ಅವರ ಫೋನ್ ನಂಬರು ಯಾವುದು. ಸಂಭಾವನೆ ಕೊಡುವುದಿಲ್ಲವಾದರೆ ಅದನ್ನೂ ಮೊದಲೇ ತಿಳಿಸಿಬಿಡಿ. ವ್ಯಾಪಾರದ ಪ್ರಚಾರ, ಚುನಾವಣೆಯ ಮಾತು ಬೇಡ ಎಂಬ ನಿಯಮವಿದ್ದರೆ ಅದಕ್ಕೂ ಪತ್ರವೇ ಸರಿಯಾದ ಜಾಗ. ವೇದಿಕೆಯ ಮೇಲೆ ಹೇಳಿದರೆ ಇಬ್ಬರಿಗೂ ಮುಜುಗರ.

ವಿಷಯವನ್ನು ಕಿರಿದು ಮಾಡಿ ಕೇಳಿ. ‘ಆರೋಗ್ಯದ ಬಗ್ಗೆ ಮಾತಾಡಿ’ ಎಂದರೆ ವೈದ್ಯರು ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿ ಇಳಿಯುತ್ತಾರೆ. ‘ವಯಸ್ಸಾದವರು ಮನೆಯೊಳಗೆ ಜಾರಿ ಬೀಳದಂತೆ ಏನೇನು ಬದಲಾಯಿಸಬೇಕು’ ಎಂದು ಕೇಳಿದರೆ ಅದೇ ವೈದ್ಯರು ಬಚ್ಚಲಿನ ಹಿಡಿಕೆ, ರಾತ್ರಿಯ ದೀಪ, ನಿದ್ದೆ ಬರಿಸುವ ಮಾತ್ರೆಗಳವರೆಗೂ ಹೋಗುತ್ತಾರೆ. ಒಂದು ವಾರ ಮುಂಚೆ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅತಿಥಿ ಕೊನೆಗಳಿಗೆಯಲ್ಲಿ ಬರಲಾಗದೆ ಹೋಗುವುದು ಅಪರೂಪವೇನಲ್ಲ. ಆದ್ದರಿಂದ ಸದಸ್ಯರಲ್ಲೇ ಒಬ್ಬರು ತಮ್ಮ ವೃತ್ತಿಯ ಬಗ್ಗೆ ಇಪ್ಪತ್ತು ನಿಮಿಷದ ಮಾತು ಸಿದ್ಧವಿಟ್ಟುಕೊಂಡಿರಲಿ.

ಪ್ರಶ್ನೆ: ನಮ್ಮ ಸಭೆ ಒಂದು ಗಂಟೆಯದ್ದು. ಪ್ರತಿ ಸಲವೂ ಅತಿಥಿಯ ಮಾತು ಉದ್ದವಾಗಿ ಪ್ರಶ್ನೋತ್ತರಕ್ಕೆ ಸಮಯವೇ ಸಿಗುವುದಿಲ್ಲ. ಅತಿಥಿಗೆ ‘ಸಾಕು’ ಎನ್ನುವುದು ಹೇಗೆ?

ಮೊದಲು ಗಡಿಯಾರ ಹಿಡಿದು ನಿಮ್ಮ ಸಭೆಯನ್ನೇ ಅಳೆದು ನೋಡಿ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಅತಿಥಿಯದ್ದಲ್ಲ. ಸ್ವಾಗತ, ವರದಿ, ಹುಟ್ಟುಹಬ್ಬದ ಶುಭಾಶಯ, ಪರಿಚಯ ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಕ್ಲಬ್ಬಿನ ಸ್ವಂತ ವಿಚಾರಗಳಿಗೆ ಹದಿನೈದು ನಿಮಿಷ, ಉಪನ್ಯಾಸಕ್ಕೆ ಇಪ್ಪತ್ತು, ಪ್ರಶ್ನೆಗಳಿಗೆ ಹದಿನೈದು, ವಂದನೆಗೆ ಎರಡು ಎಂದು ಇಟ್ಟುಕೊಂಡರೂ ಎಂಟು ನಿಮಿಷ ಕೈಯಲ್ಲಿ ಉಳಿಯುತ್ತದೆ. ಅದನ್ನು ತುಂಬಿಸಲು ಹೋಗಬೇಡಿ, ಅದು ತಡವಾಗುವುದಕ್ಕೆಂದೇ ಇಟ್ಟ ಸಮಯ. ಪರಿಚಯ ಒಂದು ನಿಮಿಷ ಮೀರಬಾರದು. ಅತಿಥಿ ಈ ವಿಷಯ ಮಾತಾಡಲು ಯಾಕೆ ತಕ್ಕವರು ಎಂಬುದಷ್ಟೇ ಅಲ್ಲಿ ಬೇಕು, ಪಡೆದ ಪದವಿಗಳ ಪಟ್ಟಿಯಲ್ಲ.

‘ಸಾಕು’ ಎನ್ನುವ ಪ್ರಸಂಗವೇ ಬರದಂತೆ ಮಾಡಲು ಮುಂದಿನ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ‘5’, ‘1’, ‘ಮುಗಿಸಿ’ ಎಂದು ದಪ್ಪಗೆ ಬರೆದ ಮೂರು ರಟ್ಟುಗಳನ್ನು ಕೊಡಿ. ಮಾತು ಶುರುವಾಗುವ ಮೊದಲೇ ಅತಿಥಿಗೆ ಅವರನ್ನು ತೋರಿಸಿ. ಪ್ರಶ್ನೆಯ ಹೊತ್ತಿನಲ್ಲಿ ಮೌನ ಕವಿಯುವುದುಂಟು. ಮೊದಲ ಪ್ರಶ್ನೆಯನ್ನು ಒಬ್ಬ ಸದಸ್ಯರಿಗೆ ಮೊದಲೇ ಒಪ್ಪಿಸಿದ್ದರೆ ಆ ಮೌನ ಮುರಿಯುತ್ತದೆ. ಕೇಳಿದ ಪ್ರಶ್ನೆಯನ್ನು ನಿರೂಪಕರು ಮೈಕಿನಲ್ಲಿ ಮತ್ತೊಮ್ಮೆ ಹೇಳಲಿ, ಇಲ್ಲದಿದ್ದರೆ ಹಿಂದೆ ಕೂತವರಿಗೆ ಉತ್ತರ ಮಾತ್ರ ಕೇಳಿಸುತ್ತದೆ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರು ಎಲ್ಲ ಕ್ಲಬ್ಬಿನಲ್ಲೂ ಇರುತ್ತಾರೆ. ಅವರ ಮಾತನ್ನು ನಿರೂಪಕರೇ ಒಂದು ವಾಕ್ಯದ ಪ್ರಶ್ನೆಯಾಗಿಸಿ ಅತಿಥಿಗೆ ದಾಟಿಸಬೇಕು.

ಪ್ರಶ್ನೆ: ಮೈಕು ಕಿರುಚುತ್ತದೆ. ಅತಿಥಿ ತಂದ ಸ್ಲೈಡುಗಳಲ್ಲಿ ಕನ್ನಡ ಅಕ್ಷರಗಳೇ ಕಾಣುವುದಿಲ್ಲ. ಏನು ಮಾಡಬೇಕು?

ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ ಸುತ್ತು ಹೊಡೆದಾಗ ಕಿರುಚಾಟ ಹುಟ್ಟುತ್ತದೆ. ಸ್ಪೀಕರ್ ಪೆಟ್ಟಿಗೆಗಳು ಮಾತಾಡುವವರಿಗಿಂತ ಮುಂದೆ, ಸಭಿಕರತ್ತ ಮುಖ ಮಾಡಿರಲಿ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕಿರುಚಾಟ ಹೆಚ್ಚುತ್ತದೆ, ಹಿಡಿಯನ್ನು ಮಾತ್ರ ಹಿಡಿಯಬೇಕು. ಬಾಯಿಗೂ ಮೈಕಿಗೂ ನಡುವೆ ನಾಲ್ಕು ಬೆರಳಿನಷ್ಟು ಅಂತರವಿದ್ದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ವೈರ್‌ಲೆಸ್ ಮೈಕಿಗೆ ಪ್ರತಿ ಸಭೆಗೂ ಹೊಸ ಸೆಲ್ ಅಥವಾ ಪೂರ್ತಿ ಚಾರ್ಜ್ ಆದ ಸೆಲ್ ಹಾಕಿ.

ಅಕ್ಷರ ಕೆಡುವುದು ಸಾಮಾನ್ಯವಾಗಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’, ‘ಬರಹ’ ಫಾಂಟುಗಳಿಂದ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ, ಚಿಹ್ನೆಗಳು ಬರುತ್ತವೆ. ಸ್ಲೈಡುಗಳನ್ನು ಪಿಡಿಎಫ್ ಮಾಡಿ ಎರಡು ದಿನ ಮುಂಚೆ ಕಳಿಸುವಂತೆ ಅತಿಥಿಯನ್ನು ಕೇಳಿ, ಸಭೆ ನಡೆಯುವ ಕಂಪ್ಯೂಟರಿನಲ್ಲೇ ತೆರೆದು ನೋಡಿ. ಪಿಡಿಎಫ್‌ನಲ್ಲಿ ವಿಡಿಯೊ ಓಡುವುದಿಲ್ಲ, ಅದು ಬೇರೆ ಫೈಲಾಗಿ ಬರಬೇಕು.

ಪ್ರಶ್ನೆ: ಒಳ್ಳೊಳ್ಳೆಯ ಉಪನ್ಯಾಸ ಕೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಮರೆಯುತ್ತೇವೆ. ಮಾತು ಕೆಲಸವಾಗುವುದು ಹೇಗೆ?

ಈ ವಿಚಾರದಲ್ಲಿ ನೆನೆಯಬೇಕಾದ ಉಪನ್ಯಾಸ 1925ರದ್ದು. ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸೇವಾ ಸಂಸ್ಥೆಯ ಸಮಾವೇಶಕ್ಕೆ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲನ್ ಕೆಲರ್ ಅತಿಥಿಯಾಗಿ ಬಂದಿದ್ದರು. ಅಂಧರ ಪರವಾಗಿ ನಿಲ್ಲಿ ಎಂದು ಅವರು ಆ ಸಭೆಯನ್ನು ನೇರವಾಗಿ ಕೇಳಿದರು, ಸಂಸ್ಥೆ ಒಪ್ಪಿಕೊಂಡಿತು. ದೃಷ್ಟಿ ರಕ್ಷಣೆ ಇಂದಿಗೂ ಲಯನ್ಸ್ ಕ್ಲಬ್ಬುಗಳ ಮುಖ್ಯ ಸೇವೆಯಾಗಿ ಉಳಿದಿದೆ. ಕೆಲರ್ ಅನುಕಂಪ ಬೇಡಿ ಸುಮ್ಮನಾಗಲಿಲ್ಲ, ಕೇಳುಗರಿಗೆ ಒಂದು ಹೊಣೆ ಹೊರಿಸಿದರು.

ನಿಮ್ಮ ಅತಿಥಿಗೂ ಮೊದಲೇ ಹೇಳಿ: ‘ಕೊನೆಯಲ್ಲಿ ನಮ್ಮ ಸದಸ್ಯರಿಂದ ಆಗಬಹುದಾದ ಒಂದೇ ಒಂದು ಕೆಲಸ ಕೇಳಿ.’ ಒಂದೇ ಸಾಕು. ಐದು ಕೇಳಿದರೆ ಒಂದೂ ಆಗುವುದಿಲ್ಲ. ಆ ಕೆಲಸ, ದಿನ, ಹೊತ್ತು, ಬೇಕಾದ ಜನರ ಸಂಖ್ಯೆಯನ್ನು ಬರೆದ ಹಾಳೆ ಅಂದಿನ ಸಭೆಯಲ್ಲೇ ಕೈಯಿಂದ ಕೈಗೆ ಹೋಗಲಿ. ‘ಆಸಕ್ತರು ಸಂಪರ್ಕಿಸಿ’ ಎಂಬ ಸಾಲಿನಿಂದ ಯಾರೂ ಸಂಪರ್ಕಿಸುವುದಿಲ್ಲ. ಹೆಸರು ಕೊಟ್ಟವರಿಗೆ ಎರಡು ದಿನದೊಳಗೆ ಒಬ್ಬರೇ ಸಂಚಾಲಕರು ಫೋನ್ ಮಾಡಬೇಕು. ವಾಟ್ಸಾಪ್ ಗುಂಪಿನ ಸಂದೇಶವನ್ನು ಫೋನ್ ಕರೆಗೆ ಸಮ ಎಂದುಕೊಳ್ಳಬೇಡಿ.

ಪ್ರಶ್ನೆ: ಶ್ರಮದಾನಕ್ಕೆ ಇಪ್ಪತ್ತು ಜನ ಹೆಸರು ಕೊಟ್ಟರೆ ಎಂಟು ಜನ ಬರುತ್ತಾರೆ.

ಬರದೆ ಇದ್ದ ಹನ್ನೆರಡು ಜನರಿಗೆ ತಾವಿಲ್ಲದಿದ್ದರೂ ಕೆಲಸ ನಡೆಯುತ್ತದೆ ಅನ್ನಿಸಿದೆ. ಹೆಸರಿನ ಮುಂದೆ ಕೆಲಸ ಬರೆಯಿರಿ: ಇವರು ಕೈಗವಸು ಹಂಚುವವರು, ಇವರು ಚೀಲಗಳ ಲೆಕ್ಕದವರು, ಇವರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತರುವವರು. ಮುಗಿಯುವ ಹೊತ್ತನ್ನೂ ಹೇಳಿ. ಎರಡೂವರೆ ಗಂಟೆಗಿಂತ ಹೆಚ್ಚು ಮೈಮುರಿದು ದುಡಿಯುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ, ಅದಕ್ಕೆ ನಾಚಬೇಕಿಲ್ಲ. ಐದಾರು ಜನಕ್ಕೊಬ್ಬ ಮುಂದಾಳು ಇರಲಿ.

ಸ್ವಚ್ಛತೆಯ ಕೆಲಸವಾದರೆ ಚೀಲ ತುಂಬುವ ಮೊದಲು ಅದನ್ನು ಒಯ್ಯುವ ಗಾಡಿ ಗೊತ್ತು ಮಾಡಿ. ಇಲ್ಲವಾದರೆ ಹರಡಿದ್ದ ಕಸ ರಾಶಿಯಾಗಿ ಅಲ್ಲೇ ಉಳಿಯುತ್ತದೆ. ಒಡೆದ ಗಾಜನ್ನು ಚೀಲಕ್ಕೆ ಹಾಕಬಾರದು, ಗಟ್ಟಿ ಡಬ್ಬ ಬೇಕು. ಸಿರಿಂಜು, ಸೂಜಿ ಕಂಡರೆ ಕೈಗವಸಿದ್ದರೂ ಮುಟ್ಟದೆ ಇಕ್ಕಳದಿಂದ ಎತ್ತಿ, ಚುಚ್ಚಿದರೂ ತೂತಾಗದ ಮುಚ್ಚಳದ ಡಬ್ಬಕ್ಕೆ ಹಾಕಿ.

ಪ್ರಶ್ನೆ: ನೆಟ್ಟ ಸಸಿಗಳು ಮರುವರ್ಷಕ್ಕೆ ಒಣಗಿ ಹೋಗಿರುತ್ತವೆ. ಎಲ್ಲಿ ಎಡವುತ್ತಿದ್ದೇವೆ?

ಗುಂಡಿಯಲ್ಲಿ, ಆಳದಲ್ಲಿ, ನೀರಿನಲ್ಲಿ. ಗುಂಡಿಯನ್ನು ನೆಡುವ ದಿನವೇ ಅವಸರದಲ್ಲಿ ತೋಡಿದರೆ ಚಿಕ್ಕದಾಗುತ್ತದೆ. ಮುಂಚೆಯೇ 45 ಸೆಂಟಿಮೀಟರ್ ಉದ್ದ, ಅಗಲ, ಆಳಕ್ಕೆ ತೋಡಿ, ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಗಿನ ಮಣ್ಣನ್ನು ಇನ್ನೊಂದು ಬದಿಗೆ ಹಾಕಿ. ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿ ಬೇರಿನ ಸುತ್ತ ತುಂಬಿ. ಅರ್ಧ ಕೊಳೆತ ಗೊಬ್ಬರ ಬಿಸಿಯೇರಿ ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ತಳ ಹರಿದರೆ ಸಾಕು ಎಂಬುದು ತಪ್ಪು; ಚೀಲದೊಳಗೇ ಸುತ್ತಿಕೊಂಡ ಬೇರು ಹೊರಗಿನ ಮಣ್ಣನ್ನು ಹಿಡಿಯುವುದೇ ಇಲ್ಲ.

ಕಾಂಡ ಬೇರನ್ನು ಕೂಡುವ ಜಾಗ ನೆಲದ ಮಟ್ಟಕ್ಕಿರಲಿ. ಇನ್ನೂ ಆಳಕ್ಕೆ ಇಳಿಸಿದರೆ ಬುಡದ ತೊಗಟೆ ಕೊಳೆಯುತ್ತದೆ. ಸುತ್ತ ಪಾತಿ ಕಟ್ಟಿ, ಒಣ ಎಲೆಯ ಹೊದಿಕೆ ಹಾಕಿ, ಆದರೆ ಹೊದಿಕೆ ಕಾಂಡಕ್ಕೆ ತಾಗದೆ ನಾಲ್ಕು ಬೆರಳು ದೂರವಿರಲಿ. ಊರುಗೋಲಿಗೆ ಸಡಿಲವಾಗಿ ಎಂಟರ ಆಕಾರದಲ್ಲಿ ಬಟ್ಟೆಯ ಪಟ್ಟಿಯಿಂದ ಕಟ್ಟಿ, ತಂತಿ ಬೇಡ. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಬೇಸಿಗೆಗೆ ಮುಂಚೆ ಬೇರು ಇಳಿಯಲು ಕಾಲ ಸಿಗುತ್ತದೆ. ಮಳೆಯ ಕೊನೆಯಲ್ಲಿ ನೆಟ್ಟವು ಸಾಯುವುದೇ ಹೆಚ್ಚು. ಮೊದಲ ಎರಡು ಬೇಸಿಗೆ ನೀರು ಹಾಕುವವರ ಸರದಿ ಪಟ್ಟಿ ತಯಾರಾಗದೆ ಒಂದು ಗುಂಡಿಯನ್ನೂ ತೋಡಬೇಡಿ. ಪಟ್ಟಿಯಲ್ಲಿ ಹತ್ತೇ ಹೆಸರಿದ್ದರೆ ಅವರು ಸಾಕಬಲ್ಲಷ್ಟೇ ಸಸಿ ಸಾಕು. ನೂರು ಸಸಿಯ ಫೋಟೊ ಚೆನ್ನಾಗಿ ಬರುತ್ತದೆ, ಅದು ಬೇರೆ ಮಾತು.

ಪ್ರಶ್ನೆ: ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರದಲ್ಲಿ ಸದಸ್ಯರೇ ಪರೀಕ್ಷೆ ಮಾಡಬಹುದೇ?

ಬೆರಳು ಚುಚ್ಚುವುದು ತರಬೇತಾದ ಸಿಬ್ಬಂದಿಯ ಕೆಲಸ. ಪ್ರತಿಯೊಬ್ಬರಿಗೂ ಹೊಸ ಸೂಜಿ ಬೇಕೇಬೇಕು. ಸದಸ್ಯರ ಪಾಲಿಗೆ ಬರುವುದು ಕುರ್ಚಿ, ಸರದಿ, ದಾಖಲೆ. ತಪಾಸಣೆಯ ಸರಿ ತಪ್ಪು ನಿಂತಿರುವುದು ಇವುಗಳ ಮೇಲೆಯೇ. ನಡೆದು ಬಂದವರನ್ನು ನೇರ ಮೇಜಿಗೆ ಕಳಿಸಿದರೆ ರಕ್ತದೊತ್ತಡ ಹೆಚ್ಚು ತೋರಿಸುತ್ತದೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಐದು ನಿಮಿಷ ಸುಮ್ಮನೆ ಕೂರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಚಹಾ, ಸಿಗರೇಟು ಇರಬಾರದು. ತೋಳು ಎದೆಯ ಮಟ್ಟದಲ್ಲಿರಲಿ, ಅಳೆಯುವಾಗ ಮಾತು ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ, ಎರಡು ಅಳತೆಯ ಪಟ್ಟಿಗಳಿರಲಿ. ಹಣ್ಣು ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ ಸಕ್ಕರೆ ಇಲ್ಲದೆಯೂ ಇದ್ದಂತೆ ಕಾಣುತ್ತದೆ, ಸೋಪಿನಿಂದ ತೊಳೆದು ಒರೆಸಿ ಕಳಿಸಿ. ಪರೀಕ್ಷಾ ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಗುಲಿ ಅವು ಕೆಡುತ್ತವೆ.

ಶಿಬಿರದ ಅಂಕಿಯಿಂದ ರೋಗ ನಿರ್ಧಾರವಾಗುವುದಿಲ್ಲ. ಚೀಟಿಯಲ್ಲಿ ಅಂಕಿಯ ಜೊತೆ ‘ವೈದ್ಯರಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಿ’ ಎಂದು ಬರೆದುಕೊಡಿ. ರಕ್ತದೊತ್ತಡ 180/120 ದಾಟಿ, ಎದೆನೋವು, ಉಸಿರಾಟದ ಕಷ್ಟ ಅಥವಾ ಮಾತು ತೊದಲುವುದು ಇದ್ದವರನ್ನು ಚೀಟಿ ಕೊಟ್ಟು ಕಳಿಸುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಅದಕ್ಕೊಂದು ವಾಹನ ಬಾಗಿಲಲ್ಲೇ ಇರಲಿ.

ಪ್ರಶ್ನೆ: ವರ್ಷಕ್ಕೊಮ್ಮೆ ದೊಡ್ಡ ರಕ್ತದಾನ ಶಿಬಿರ ಮಾಡುತ್ತೇವೆ. ಸಂಖ್ಯೆ ಹೆಚ್ಚಿಸುವ ಉಪಾಯ?

ಒಂದೇ ದಿನದ ಸಂಖ್ಯೆಯನ್ನು ಹೆಚ್ಚಿಸದಿರುವುದೇ ಲೇಸು. ತಂಪಿನಲ್ಲಿಟ್ಟರೂ ಕೆಂಪು ರಕ್ತಕಣಗಳು ಬಾಳುವುದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳು ಐದಾರು ದಿನ. ಒಮ್ಮೆಲೇ ರಾಶಿ ಬಂದರೆ ಒಂದು ಪಾಲು ಬಳಕೆಯಾಗದೆ ಅವಧಿ ಮೀರಬಹುದು. ರಕ್ತನಿಧಿಯವರನ್ನು ಕೇಳಿ ಅವರಿಗೆ ಕೊರತೆಯಿರುವ ತಿಂಗಳುಗಳಲ್ಲಿ, ಅವರು ಹೇಳಿದಷ್ಟೇ ಜನರ ಮೂರು ನಾಲ್ಕು ಚಿಕ್ಕ ಶಿಬಿರ ಇಟ್ಟುಕೊಳ್ಳಿ. ದಾನಿಗಳು ಹಸಿದು ಬರದಿರಲಿ, ಬಿಸಿಲಲ್ಲಿ ಸಾಲು ನಿಲ್ಲದಿರಲಿ. ರಕ್ತ ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಕೂರಿಸಿ ಕುಡಿಯಲು ಕೊಡಿ. ತಲೆಸುತ್ತಿದವರನ್ನು ನೀರು ಚಿಮುಕಿಸುತ್ತಾ ನಿಲ್ಲಿಸಿಕೊಳ್ಳಬಾರದು, ಮಲಗಿಸಿ ಕಾಲು ಎತ್ತರಕ್ಕಿಡಬೇಕು.