ಟೈಲ್ಸ್ ಆರಿಸುವ ಮೊದಲು ಅಮ್ಮನ ಜೊತೆ ಬರಿಗಾಲಲ್ಲಿ ಹಳೇ ಮನೆ ಸುತ್ತಿ ಬನ್ನಿ

ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ಹಳೇ ತೊಟ್ಟಿಮನೆ ಇಳಿಸಿ ಹೊಸ ಮನೆ ಕಟ್ಟುತ್ತೇವೆ, ಮನೆ ಮುಂಭಾಗ ತೋರಿಸುವ ಈ ಎರಡು ಎಲಿವೇಶನ್ ಚಿತ್ರದಲ್ಲಿ ಯಾವುದು ಚೆನ್ನ, ನೆಲಕ್ಕೆ ಯಾವ ಟೈಲ್ಸ್ ಹಾಕಲಿ ಅಂತ ಕೇಳಿದ್ದೀರಿ. ಇಲ್ಲಿವರೆಗೆ ಬಂದ ಉತ್ತರವೆಲ್ಲ ಬಣ್ಣದ ಬಗ್ಗೆಯೇ ಇದೆ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿತ್ತು: ಅಮ್ಮನಿಗೆ ಕಣ್ಣು ಮಂಜಾಗಿದೆ, ಇಡೀ ದಿನ ಮನೆಯಲ್ಲಿರುವವರು ಅವರೇ. ನನ್ನ ಮನಸ್ಸು ಆ ಸಾಲಿನಲ್ಲೇ ನಿಂತಿತು. ಈ ಎಲಿವೇಶನ್ ಅವರಿಗೆ ಕಾಣುವುದೇ ಇಲ್ಲ ಅಲ್ವಾ? ಅವರು ಮನೆಯನ್ನು ಕಾಲಲ್ಲಿ, ಕಿವಿಯಲ್ಲಿ, ಮೂಗಲ್ಲಿ ಗುರುತು ಹಿಡಿಯುತ್ತಾರೆ. ನಾವೂ ಅಷ್ಟೇ, ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೆ.

ನಮ್ಮ ಮನೆಯಲ್ಲಿ ಆದ ತಪ್ಪು ಹೇಳುತ್ತೇನೆ. ಸಕಲೇಶಪುರದ ಹತ್ತಿರ ನಾವು ಮನೆ ಕಟ್ಟಿ ಎಂಟು ವರ್ಷ ಆಯಿತು. ಹಾಲ್ ಎರಡು ಮಹಡಿ ಎತ್ತರ. ಒಂದು ಗೋಡೆ ಪೂರ್ತಿ ಗಾಜು. ನೆಲಕ್ಕೆ ಬಿಳಿ ವಿಟ್ರಿಫೈಡ್ ಟೈಲ್ಸ್, ಗಾಜಿನಂತೆ ನುಣುಪು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದರು. ನಮ್ಮ ಮಾವ ಕಿವಿಗೆ ಮೆಷಿನ್ ಹಾಕುತ್ತಾರೆ. ಆ ಹಾಲಲ್ಲಿ ನಾಲ್ಕು ಜನ ಮಾತಾಡಿದರೆ ಅವರಿಗೆ ಒಂದು ಪದವೂ ಹತ್ತುತ್ತಿರಲಿಲ್ಲ. ವಾರದೊಳಗೆ ಕುರ್ಚಿ ಎತ್ತಿಕೊಂಡು ಹೋಗಿ ಹಳೇ ಗೋದಾಮಿನ ಜಗಲಿಯಲ್ಲಿ ಕೂರತೊಡಗಿದರು. ಕಾಫಿ ಕೊಡಲು ಹೋದಾಗ "ಇಲ್ಲಿ ನಿನ್ನ ಮಾತು ಕೇಳ್ತದೆ ಕಣಮ್ಮ, ಅಲ್ಲಿ ಬರೀ ಸದ್ದು" ಅಂದರು. ನನಗೆ ಕಣ್ಣಲ್ಲಿ ನೀರು ಬಂತು.

ಕಾರಣ ಸುಲಭ. ಗಾಜು, ಟೈಲ್ಸ್, ನುಣುಪು ಗೋಡೆ ಸದ್ದನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತವೆ. ಮೊದಲಾಡಿದ ಮಾತು ಅಡಗುವ ಮೊದಲೇ ಮುಂದಿನ ಮಾತು ಬಂದು ಮೇಲೆ ಬೀಳುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಪಾಠದ ಹಾಲಿಗೂ ಇದೇ ಕಾಟ ಇತ್ತು, ಆಡಿದ ಮಾತು 5 ಸೆಕೆಂಡಿಗೂ ಜಾಸ್ತಿ ಉಳಿಯುತ್ತಿತ್ತು. ವ್ಯಾಲೇಸ್ ಸೇಬಿನ್ ಅನ್ನುವ ಮೇಷ್ಟ್ರು ಪಕ್ಕದ ಥಿಯೇಟರಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ಹಾಲ್ ಎಷ್ಟು ದೊಡ್ಡದು, ಒಳಗೆ ಸದ್ದು ಹೀರುವ ಸಾಮಾನು ಎಷ್ಟಿದೆ, ಈ ಎರಡರ ಮೇಲೆ ನಿಂತಿದೆ ಈ ಲೆಕ್ಕ. ನಾವೂ ದಪ್ಪ ಪರದೆ, ಜಮಖಾನ, ಒಂದು ಗೋಡೆಗೆ ಮರದ ಕಪಾಟು ಹಾಕಿದೆವು. ಸುಮಾರು ಸರಿಯಾಯಿತು, ಪೂರ್ತಿ ಅಲ್ಲ. ನಿಮ್ಮ ಎಲಿವೇಶನ್‌ನಲ್ಲೂ ಎತ್ತರದ ಹಾಲ್, ಗಾಜಿನ ಗೋಡೆ ಇದೆ, ಆದರೆ ಅದು ಇನ್ನೂ ಪೇಪರಿನ ಮೇಲಿದೆ. ಹಾಲಿನ ಎತ್ತರ ಈಗಲೇ ಇಳಿಸಿ. ಅಂಥದೇ ಹಾಲ್ ಇರುವ ಯಾರದಾದರೂ ಮನೆಗೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಗೊತ್ತಾಗುತ್ತದೆ.

ಇನ್ನು ಕಾಲು. ಮನೆ ಇಳಿಸುವ ಮೊದಲು ಒಂದು ಬೆಳಗ್ಗೆ ಅಮ್ಮನ ಜೊತೆ ಬರಿಗಾಲಲ್ಲಿ, ನೀವು ಕಣ್ಣು ಮುಚ್ಚಿಕೊಂಡು, ಇಡೀ ಮನೆ ಸುತ್ತಿ. ಜಗಲಿಯ ಚಪ್ಪಡಿ ಕಲ್ಲು ತಣ್ಣಗೆ, ಸ್ವಲ್ಪ ತರಿತರಿ. ಹೊಸಿಲು ದಾಟಿದರೆ ನುಣುಪು ನೆಲ. ತೊಟ್ಟಿ ಹತ್ತಿರ ಗಾಳಿ ಮುಖಕ್ಕೆ ತಾಗುತ್ತದೆ. ಬಚ್ಚಲ ಕಡೆ ಹಂಡೆ ಒಲೆಯ ಹೊಗೆ ವಾಸನೆ. ಅಮ್ಮ ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಹಿಡಿಯದೆ ತಿರುಗುತ್ತಾರೆ, ಗುರುತು ಹಾಕಿಕೊಳ್ಳಿ. ಇಡೀ ಮನೆಗೆ ಒಂದೇ ಟೈಲ್ಸ್ ಹಾಸಿದರೆ ಅವರ ಕಾಲಿನ ಗುರುತೆಲ್ಲ ಅಳಿಸಿಹೋಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ನೂರು ಸಲ ಹೋಗಿರುತ್ತೀರಿ. ಈ ಸಲ ಮಧ್ಯಾಹ್ನ ಹೋಗಿ. ಅಂಗಳದ ಕಲ್ಲು ಕಾಲು ಸುಡುತ್ತದೆ. ಬಾಗಿಲು ದಾಟಿ ನವರಂಗಕ್ಕೆ, ಅಂದರೆ ಕಂಬಗಳ ಒಳಮಂಟಪಕ್ಕೆ, ಕಾಲಿಟ್ಟರೆ ತಂಪು, ಕತ್ತಲೆ, ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಂಬದ ಹೊಳಪು ಮೆಲ್ಲಗೆ ಮೇಲೆ ಬರುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಆ ಮಂಟಪ ತೆರೆದೇ ಇತ್ತು. ಜಾಲಂಧ್ರದ, ಅಂದರೆ ತೂತು ಕೊರೆದ ಕಲ್ಲಿನ, ಗೋಡೆ ಬಂದದ್ದು ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ. ತೂತಿನ ಗೋಡೆಯೊಂದು ಬೆಳಕು, ಬಿಸಿಲು, ಗಾಳಿ ಮೂರನ್ನೂ ಸೋಸುತ್ತದೆ. ನಿಮ್ಮ ಗಾಜಿನ ಗೋಡೆಯ ಜಾಗದಲ್ಲಿ ಅರ್ಧಕ್ಕೆ ಇಟ್ಟಿಗೆ ಜಾಲಿ ಹಾಕಬಹುದು. ಪಡುವಣಕ್ಕೆ ಮಾತ್ರ ಬೇಡ, ಮಳೆಗಾಲದಲ್ಲಿ ಇರುಚಲು ಒಳಗೆ ಬರುತ್ತದೆ. (ಅಲ್ಲಿ ಶಿಲ್ಪ ಮುಟ್ಟಬೇಡಿ, ಕೈಯ ಜಿಡ್ಡು ಕಲ್ಲಿಗೆ ಒಳ್ಳೆಯದಲ್ಲ. ಕಾಲಿಗೆ ಸಿಗುವ ನೆಲವೇ ಸಾಕು.)

ಟೈಲ್ಸ್ ವಿಚಾರ. ವಿಟ್ರಿಫೈಡ್ ನೂರಕ್ಕೆ 0.5ರಷ್ಟು ನೀರನ್ನೂ ಹೀರುವುದಿಲ್ಲ. ಕಲೆ ಹಿಡಿಯದಿರುವುದು ಅದಕ್ಕೇ. ನಮ್ಮ ಜುಲೈನಲ್ಲಿ ಅದರ ಮೇಲೆ ಪಸೆ ನಿಂತು ಜಾರುವುದೂ ಅದಕ್ಕೇ. ಅಮ್ಮನ ಕೋಣೆಗೆ ಮತ್ತು ಹಾಲಿಗೆ ರೆಡ್ ಆಕ್ಸೈಡ್ (ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ಗಾರೆ ನೆಲ) ಹಾಕಿಸಿ, ಆದರೆ ಕೆಲಸ ಗೊತ್ತಿರುವ ಗಾರೆಯವರೇ ಬೇಕು, ಏಳು ದಿನವಾದರೂ ನೆಲ ಒಣಗದಂತೆ ನೀರು ಕಟ್ಟಬೇಕು. ಅದೂ ಒದ್ದೆಯಾದರೆ ಜಾರುತ್ತದೆ. ಹಾಗಾಗಿ ಬಚ್ಚಲಿಗೆ, ಜಗಲಿಗೆ, ಮೆಟ್ಟಿಲಿಗೆ ಹಳೇ ಚಪ್ಪಡಿಯನ್ನೇ ತರಿ ಮಾಡಿಸಿ ಹಾಕಿ. ಮೆಟ್ಟಿಲಿಗೆ ಮರದ ಹಿಡಿ ಮಾಡಿಸಿ. ಸ್ಟೀಲ್ ಚಳಿಗಾಲದ ಬೆಳಗ್ಗೆ ಕೈಯ ಬಿಸಿ ಎಳೆದುಕೊಳ್ಳುತ್ತದೆ, ವಯಸ್ಸಾದವರು ಹಿಡಿಯುವುದೇ ಇಲ್ಲ.

ಜಗಲಿಯ ಮಾಡಿಗಾದರೂ ಹೆಂಚು ಉಳಿಸಿ. ಆರ್‌ಸಿಸಿ ಕಾಂಕ್ರೀಟ್ ತಾರಸಿ ಕೆಳಗೆ ಮಲಗಿದ್ದ ನಮಗೆ ಒಂದು ಜನವರಿ ರಾತ್ರಿ ಮಳೆ ಬಂದದ್ದೇ ಗೊತ್ತಾಗಲಿಲ್ಲ, ಕಣದಲ್ಲಿದ್ದ ಕಾಫಿ ಎಲ್ಲ ನೆನೆಯಿತು. ಹೆಂಚಿನ ಮನೆಯಲ್ಲಿ ಮೊದಲ ನಾಲ್ಕು ಹನಿಗೇ ಎಲ್ಲರೂ ಎದ್ದು ಓಡುತ್ತಿದ್ದೆವು.

ಅಮ್ಮನ ಕಿಟಕಿ ತೋಟದ ಕಡೆ ಇರಲಿ. ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂ ಅರಳಿದಾಗ ಮಲ್ಲಿಗೆಯಂಥ ಆ ಘಮ ಅವರಿಗೆ ಹಾಸಿಗೆಯಲ್ಲೇ ಸಿಗಬೇಕು. ಆದರೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್) ಗುಂಡಿಯಿಂದ ಗಾಳಿ ಬರುವ ದಿಕ್ಕಿಗೆ ಆ ಕಿಟಕಿ ಬೇಡ, ಕೊಳೆತ ಸಿಪ್ಪೆ ವಾಸನೆಯಲ್ಲಿ ಊಟ ಸೇರುವುದಿಲ್ಲ.

ಎಲಿವೇಶನ್ ಬಿಡಿ ಸರ್. ಪಡುವಣ ಯಾವ ಕಡೆ, ಪಲ್ಪರ್ ಎಲ್ಲಿದೆ, ಕಣ ಎಲ್ಲಿದೆ ಅಂತ ಕೈಯಲ್ಲೇ ಗೀಚಿ ಒಂದು ಫೋಟೋ ಹಾಕಿ. ಕೋಣೆ ಎಲ್ಲೆಲ್ಲಿ ಬರಬೇಕು ಅಂತ ಕೂತು ನೋಡೋಣ.