ಪಾಯಿಂಟ್ ರೇಯ್ಸ್: ಮಂಜು, ಗಾಳಿ ಮತ್ತು 313 ಮೆಟ್ಟಿಲು

ಕ್ಯಾಲಿಫೋರ್ನಿಯಾದ ಪಾಯಿಂಟ್ ರೇಯ್ಸ್ ಬಗ್ಗೆ ಓದುಗರ ಪ್ರಶ್ನೆಗಳು ಬರುತ್ತಲೇ ಇವೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಹೋದರೆ ಪೆಸಿಫಿಕ್ ಸಾಗರದೊಳಗೆ ಚಾಚಿಕೊಂಡಿರುವ ನೆಲ ಇದು. 1962ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಮೇಲೆ ರಾಷ್ಟ್ರೀಯ ಕಡಲತೀರ ಆಯಿತು. ಒಳಗೆ ಹೋಗಲು ಶುಲ್ಕ ಇಲ್ಲ. ಹೆಚ್ಚಿನವರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಗೆ ಸಿಕ್ಕಿರುವುದು ಒಂದೇ ದಿನ. ಲೈಟ್‌ಹೌಸ್, ಆನೆ ಸೀಲ್, ಎಲ್ಕ್ ಜಿಂಕೆ, ಅಲಮೇರ್ ಜಲಪಾತ, ನಾಲ್ಕನ್ನೂ ನೋಡಬೇಕು. ಯಾವುದು ಮೊದಲು, ಯಾವುದು ಆಮೇಲೆ?

ಉತ್ತರ: ನಾಲ್ಕೂ ಆಗುವುದಿಲ್ಲ. ಒಮ್ಮೆ ನಕ್ಷೆ ತೆರೆದು ನೋಡಿ. ಜಲಪಾತದ ದಾರಿ ಶುರುವಾಗುವುದು ದಕ್ಷಿಣದ ತುದಿಯಲ್ಲಿ, ಎಲ್ಕ್ ಇರುವುದು ಉತ್ತರದ ತುದಿಯಲ್ಲಿ, ಲೈಟ್‌ಹೌಸ್ ಪಶ್ಚಿಮದ ಕೊನೆಯಲ್ಲಿ. ಬೇರ್ ವ್ಯಾಲಿ ಮಾಹಿತಿ ಕೇಂದ್ರದಿಂದ ಲೈಟ್‌ಹೌಸ್‌ಗೆ ಹೋಗಲಿಕ್ಕೇ ಮುಕ್ಕಾಲು ಗಂಟೆ ಬೇಕು, ರಸ್ತೆ ತುಂಬಾ ತಿರುವು, ಜೋರಾಗಿ ಓಡಿಸುವ ಹಾಗಿಲ್ಲ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ, ಸುಮ್ನೆ ಆಯಾಸ.

ಒಂದು ದಿನಕ್ಕೆ ಒಂದು ಮೂಲೆ, ಇದು ನನ್ನ ಸಲಹೆ. ಮೊದಲ ಸಲ ಹೋಗುವವರು ಲೈಟ್‌ಹೌಸ್ ಮತ್ತು ಚಿಮ್ನಿ ರಾಕ್ ಎರಡನ್ನು ಇಟ್ಟುಕೊಳ್ಳಿ, ಅವು ಹತ್ತಿರ ಹತ್ತಿರ ಇವೆ. ಚಿಮ್ನಿ ರಾಕ್‌ನಲ್ಲಿ ಹೋಗಿ ಬರಲು ಎರಡು ಮೈಲಿಗಿಂತ ಕಡಿಮೆ ನಡಿಗೆ. ವಸಂತದಲ್ಲಿ ದಾರಿಯ ಎರಡೂ ಕಡೆ ಕಾಡುಹೂವು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಅಲ್ಲೇ ಕೆಳಗಿನ ಮರಳಿನಲ್ಲಿ ಆನೆ ಸೀಲ್‌ಗಳು ಮರಿ ಹಾಕಿಕೊಂಡು ಮಲಗಿರುತ್ತವೆ. ಬೇಟೆಯಿಂದಾಗಿ ಇಲ್ಲಿಂದ ಪೂರ್ತಿ ಮಾಯವಾಗಿದ್ದ ಪ್ರಾಣಿ ಇದು. ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲದ ನಂತರ ತಾನಾಗಿ ವಾಪಸ್ ಬಂತು. ಗಂಡು ಸೀಲ್ ಎರಡು ಟನ್‌ವರೆಗೂ ತೂಗುತ್ತದೆ, ಮೂತಿ ಎತ್ತಿ ಗುಟುರು ಹಾಕಿದರೆ ಮೇಲೆ ನಿಂತ ನಮಗೂ ಕೇಳುತ್ತದೆ.

ಪ್ರಶ್ನೆ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ತುಂಬಾ ಇವೆಯಂತೆ, ಹೌದಾ?

ಉತ್ತರ: ಹೌದು, 313. ಎಲ್ಲ ಕಡೆ ಲೈಟ್‌ಹೌಸ್ ಅಂದರೆ ಮೇಲೆ ಹತ್ತಬೇಕು, ಇಲ್ಲಿ ಮೊದಲು ಕೆಳಗೆ ಇಳಿಯಬೇಕು. ಹೋಗುವಾಗ ಸಲೀಸು, ಬರುವಾಗ ಗೊತ್ತಾಗುತ್ತದೆ. ಮೂವತ್ತು ಮಹಡಿಯ ಕಟ್ಟಡ ಹತ್ತಿದಷ್ಟು ಏರು ಅದು. ಮಂಡಿ ನೋವಿರುವ ಅಮ್ಮನನ್ನು ದಯವಿಟ್ಟು ಇಳಿಸಬೇಡಿ, 'ನಿಧಾನಕ್ಕೆ ಬರೋಣ ಬಾಮ್ಮ' ಅಂತ ಒತ್ತಾಯವನ್ನೂ ಮಾಡಬೇಡಿ. ಮೆಟ್ಟಿಲ ತಲೆಯಲ್ಲೇ ಕಟಕಟೆ ಹಾಕಿದ ನೋಟದ ಜಾಗ ಇದೆ. ಅಲ್ಲಿಂದ ಕೆಂಪು ಚಾವಣಿಯ ಆ ಪುಟ್ಟ ಲೈಟ್‌ಹೌಸ್ ಪೂರ್ತಿ ಕಾಣುತ್ತದೆ, ಸುತ್ತ ಕಡಲು. ನನ್ನ ಪ್ರಕಾರ ಕೆಳಗೆ ಹೋಗಿ ನೋಡುವುದಕ್ಕಿಂತ ಮೇಲಿನ ನೋಟವೇ ಚೆಂದ.

ಇನ್ನೊಂದು ವಿಷಯ. ಪಾರ್ಕಿಂಗ್‌ನಿಂದ ಆ ಜಾಗಕ್ಕೇ ಅರ್ಧ ಮೈಲಿಯಷ್ಟು ನಡೆಯಬೇಕು, ಸ್ವಲ್ಪ ಏರು ಇದೆ. ಅಂಗವಿಕಲರ ಪಾರ್ಕಿಂಗ್ ಕಾರ್ಡ್ ಇದ್ದವರು ಕಾರನ್ನು ಇನ್ನೂ ಹತ್ತಿರ ಒಯ್ಯಬಹುದು. ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಅಪ್ಪ ಅಮ್ಮನ ಕೈಗೆ ಒಂದು ದುರ್ಬೀನು ಕೊಡಿ. ಬೂದು ತಿಮಿಂಗಿಲಗಳು ಅಲಾಸ್ಕದ ಕಡೆಯಿಂದ ಮೆಕ್ಸಿಕೋಗೆ ಮರಿ ಹಾಕಲು ಹೋಗುವುದು, ಆಮೇಲೆ ವಾಪಸ್ ಬರುವುದು ಇದೇ ದಾರಿಯಲ್ಲಿ. ಜನವರಿ ನಡುವಿನಲ್ಲಿ ದಕ್ಷಿಣಕ್ಕೆ ಹೋಗುವವು ಜಾಸ್ತಿ, ಮಾರ್ಚ್ ನಡುವಿನಲ್ಲಿ ಉತ್ತರಕ್ಕೆ ಬರುವವು. ತಾಯಿ ಮರಿ ಜೊತೆಗಿರುವವು ದಡದ ಹತ್ತಿರವೇ ಈಜುತ್ತವೆ. ನೀರಿನ ಮೇಲೆ ಬಿಳಿ ಉಸಿರು ಚಿಮ್ಮುವುದನ್ನು ಹುಡುಕಿ, ಬೆನ್ನು ಕಾಣುವುದು ಅದರ ನಂತರ.

ಪ್ರಶ್ನೆ: ಜುಲೈನಲ್ಲಿ ಹೋಗಿದ್ದೆವು. ಊರಲ್ಲಿ ಬಿಸಿಲು, ಅಲ್ಲಿ ಬರೀ ಮಂಜು. ಲೈಟ್‌ಹೌಸ್ ಕಾಣಲೇ ಇಲ್ಲ, ಗಾಳಿ ಜೋರು ಅಂತ ಮೆಟ್ಟಿಲನ್ನೂ ಮುಚ್ಚಿದ್ದರು. ಬೇಸರವಾಯಿತು. ಯಾವಾಗ ಹೋಗಬೇಕು?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಅಷ್ಟು ದೂರ ಓಡಿಸಿಕೊಂಡು ಹೋಗಿ ಬೆಳ್ಳಗಿನ ಗೋಡೆ ನೋಡಿ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಬೇಸಿಗೆಯೇ ಇಲ್ಲಿ ಮಂಜಿನ ಕಾಲ. ವಾಯವ್ಯದ ಗಾಳಿ ಕಡಲ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳುತ್ತದೆ, ಆ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಮೇಲೆ ಬರುತ್ತದೆ, ತೇವ ತುಂಬಿದ ಗಾಳಿ ಆ ನೀರಿನ ಮೇಲೆ ಹಾದು ತಣ್ಣಗಾಗಿ ಮಂಜಾಗುತ್ತದೆ. ಒಳನಾಡು ಕಾದಷ್ಟೂ ಆ ಮಂಜನ್ನು ದಡದ ಕಡೆಗೆ ಎಳೆಯುತ್ತದೆ. ಅದಕ್ಕೇ ಊರಲ್ಲಿ ಸೆಖೆ, ಇಲ್ಲಿ ಚಳಿ.

ಈ ಮಂಜು ಇಲ್ಲದಿದ್ದರೆ ಆ ಲೈಟ್‌ಹೌಸೇ ಇರುತ್ತಿರಲಿಲ್ಲ, ಅಲ್ವಾ? ಬಂಡೆಯ ತುದಿ ಸುಮಾರು 600 ಅಡಿ ಎತ್ತರದಲ್ಲಿದೆ. ಅಲ್ಲಿ ದೀಪ ಇಟ್ಟರೆ ಮೇಲಿನ ಮಂಜಿನಲ್ಲಿ ಮುಚ್ಚಿಹೋಗುತ್ತದೆ ಅಂತಲೇ ಕಟ್ಟಿದವರು ಬಂಡೆ ಕಡಿದು ಕೆಳಗೆ, ನೀರಿನಿಂದ 275 ಅಡಿ ಎತ್ತರದಲ್ಲಿ ಕೂರಿಸಿದರು. ನಿಮಗೆ ಅಷ್ಟು ಮೆಟ್ಟಿಲು ಬಂದಿದ್ದೂ ಅದರಿಂದಲೇ.

ಆಕಾಶ ತಿಳಿಯಾಗಿರಬೇಕು ಅಂದರೆ ಸೆಪ್ಟೆಂಬರ್, ಅಕ್ಟೋಬರ್ ನೋಡಿ. ಚಳಿಗಾಲದಲ್ಲಿ ಎರಡು ಮಳೆಯ ನಡುವೆ ಸಿಗುವ ದಿನವೂ ಚೆನ್ನಾಗಿರುತ್ತದೆ. ಗಾಳಿ ಗಂಟೆಗೆ 40 ಮೈಲಿ ದಾಟಿದರೆ ಯಾವ ಕಾಲದಲ್ಲೂ ಮೆಟ್ಟಿಲು ಮುಚ್ಚುತ್ತಾರೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ ಬೇರೆ. ಹೊರಡುವ ಬೆಳಿಗ್ಗೆ ಪಾರ್ಕಿನ ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಬಿಸಿಲಿದ್ದರೂ ದಪ್ಪ ಜಾಕೆಟ್ ಕಾರಿನಲ್ಲಿರಲಿ.

ಪ್ರಶ್ನೆ: ಮಗಳ ಪ್ರಶ್ನೆ ಇದು. ಕರೆಂಟ್ ಇಲ್ಲದ ಕಾಲದಲ್ಲಿ ಎಣ್ಣೆ ದೀಪ ಅಷ್ಟು ದೂರದ ಹಡಗಿಗೆ ಹೇಗೆ ಕಾಣುತ್ತಿತ್ತು?

ಉತ್ತರ: ಒಳ್ಳೆಯ ಪ್ರಶ್ನೆ, ಮಗಳನ್ನು ಒಳಗೆ ಕರೆದುಕೊಂಡು ಹೋಗಿಯೇ ತೋರಿಸಿ. ಗುಟ್ಟು ಗಾಜಿನಲ್ಲಿದೆ. ದೀಪದ ಬೆಳಕು ಸುತ್ತಲೂ ಚೆಲ್ಲಿ ಹೋಗುತ್ತದೆ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಗಾಜಿನ ಪಟ್ಟಿಗಳನ್ನು ಉಂಗುರ ಉಂಗುರವಾಗಿ ಜೋಡಿಸಿ ಆ ಬೆಳಕನ್ನೆಲ್ಲ ಬಾಗಿಸಿ ನೇರ ಕಡಲಿನ ಕಡೆಗೆ ಕಳಿಸುವ ಲೆನ್ಸ್ ಮಾಡಿದ. ಇಲ್ಲಿರುವ ಲೆನ್ಸ್ 1867ರಲ್ಲಿ ಪ್ಯಾರಿಸ್‌ನಲ್ಲಿ ತಯಾರಾಗಿದ್ದು, ದೀಪ ಹಚ್ಚಿದ್ದು 1870ರಲ್ಲಿ. ಆಳಿಗಿಂತ ಎತ್ತರ, 24 ಫಲಕ, ಎರಡು ನಿಮಿಷಕ್ಕೆ ಒಂದು ಸುತ್ತು. ಹಾಗಾಗಿ ಹಡಗಿನವರಿಗೆ ಐದು ಸೆಕೆಂಡಿಗೊಮ್ಮೆ ಮಿಂಚು ಕಾಣುತ್ತಿತ್ತು. ಅದನ್ನು ಎಣಿಸಿ ಇದು ಪಾಯಿಂಟ್ ರೇಯ್ಸ್ ಅಂತ ಗುರುತಿಸುತ್ತಿದ್ದರು. ಸುತ್ತಿಸುವುದು ಗಡಿಯಾರದಂಥ ಯಂತ್ರ. ಭಾರದ ತೂಕ ನಿಧಾನವಾಗಿ ಕೆಳಗಿಳಿಯುತ್ತಾ ಲೆನ್ಸ್ ತಿರುಗಿಸುತ್ತದೆ, ರಾತ್ರಿಯಿಡೀ ಯಾರಾದರೂ ಎದ್ದು ಅದಕ್ಕೆ ಕೀಲಿ ಕೊಡುತ್ತಲೇ ಇರಬೇಕಿತ್ತು.

1906ರ ಭೂಕಂಪದಲ್ಲಿ ಲೆನ್ಸ್ ತನ್ನ ಹಳಿಯಿಂದ ಜಾರಿತು. ಕಾವಲಿನವರು ಕೂಡಲೇ ಸರಿ ಮಾಡಿದರು, ದೀಪ ನಿಂತಿದ್ದು ಬರೀ 13 ನಿಮಿಷ. 1975ರಲ್ಲಿ ಸ್ವಯಂಚಾಲಿತ ದೀಪ ಬಂದ ಮೇಲೆ ಈ ಲೆನ್ಸ್‌ಗೆ ವಿಶ್ರಾಂತಿ. ಬೇರ್ ವ್ಯಾಲಿಯಲ್ಲಿ ಭೂಕಂಪದ ಹೆಸರಿನದೇ ಪುಟ್ಟ ಕಾಲುದಾರಿ ಇದೆ, ಟಾರು ಹಾಕಿದ್ದು, ಅರ್ಧ ಮೈಲಿ ಚಿಲ್ಲರೆ. ಅಲ್ಲೊಂದು ಬೇಲಿ ಎರಡು ತುಂಡಾಗಿ ಸುಮಾರು 16 ಅಡಿ ಸರಿದು ನಿಂತಿರುವುದನ್ನೂ ಮಗಳಿಗೆ ತೋರಿಸಿ. ಅಮ್ಮನ ಮಂಡಿ ಬಗ್ಗೆ ಬರೆದವರಿಗೂ ಈ ದಾರಿ ಸರಿಹೋಗುತ್ತದೆ.

ಪ್ರಶ್ನೆ: ನಾವು ಚೆನ್ನಾಗಿ ನಡೆಯುವವರು. ಒಂದೇ ಟ್ರೇಲ್ ಹೇಳಿ ಅಂದರೆ?

ಉತ್ತರ: ಟೊಮಾಲೆಸ್ ಪಾಯಿಂಟ್. ಹೋಗಿ ಬರಲು ಸುಮಾರು ಒಂಬತ್ತೂವರೆ ಮೈಲಿ, ಒಂದು ಕಡೆ ಸಾಗರ, ಇನ್ನೊಂದು ಕಡೆ ಕೊಲ್ಲಿ. ಕೊನೆಯ ಭಾಗ ಮರಳು, ಕಾಲು ಹೂಳುತ್ತದೆ. ನೆರಳು ಇಲ್ಲ, ಕುಡಿಯುವ ನೀರೂ ಇಲ್ಲ, ಹೊತ್ತುಕೊಂಡು ಹೋಗಿ. ಇಲ್ಲಿರುವ ಟೂಲಿ ಎಲ್ಕ್‌ಗಳನ್ನು 1978ರಲ್ಲಿ ತಂದು ಬಿಟ್ಟರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆದೆಯ ಕಾಲ, ಗಂಡುಗಳು ಕೂಗುತ್ತಾ ಕೊಂಬು ತಾಗಿಸುತ್ತವೆ. ಫೋಟೋ ಆಸೆಗೆ ಹತ್ತಿರ ಹೋಗಬೇಡಿ.

ಅಲಮೇರ್ ಜಲಪಾತ ಕೇಳಿದವರಿಗೆ: ಹೋಗಿ ಬರಲು 13 ಮೈಲಿ ಇದೆ, ಇಡೀ ದಿನ ಬೇಕು. ನೀರು ನೇರ ಕಡಲ ದಡಕ್ಕೇ ಬೀಳುತ್ತದೆ, ನೋಡುವಂಥದ್ದೇ. ಆದರೆ ಜನ ಹೇಳುವ ಅಡ್ಡದಾರಿ ಹಿಡಿಯಬೇಡಿ. ಅದು ಪಾರ್ಕಿನವರು ಮಾಡಿದ ದಾರಿ ಅಲ್ಲ, ಮಣ್ಣು ಕುಸಿಯುತ್ತದೆ, ಪಕ್ಕದಲ್ಲೆಲ್ಲ ಮೈಗೆ ತಾಗಿದರೆ ತುರಿಸಿ ಗುಳ್ಳೆ ಏಳುವ ಪಾಯ್ಸನ್ ಓಕ್ ಗಿಡ. ಜನ ಬಿದ್ದು ಗಾಯ ಮಾಡಿಕೊಂಡಿದ್ದಾರೆ. ವೈಲ್ಡ್‌ಕ್ಯಾಟ್ ಕ್ಯಾಂಪ್ ಮೂಲಕ ದಡಕ್ಕಿಳಿದು ಹೋಗಿ, ಕಡಲ ಇಳಿತದ ಸಮಯ ನೋಡಿಕೊಂಡು.

ಪ್ರಶ್ನೆ: ಮಕ್ಕಳು ನೀರಿಗಿಳಿಯಬಹುದಾ?

ಉತ್ತರ: ಗ್ರೇಟ್ ಬೀಚ್ ಅನ್ನುವ ಉದ್ದನೆಯ ದಡದಲ್ಲಿ ಬೇಡ. ಅಲ್ಲಿ ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ದೊಡ್ಡದೊಂದು ಬಂದು ನಿಂತವರನ್ನು ಎಳೆದುಕೊಂಡು ಹೋಗುತ್ತದೆ. ಕಡಲಿಗೆ ಬೆನ್ನು ತಿರುಗಿಸಿ ನಿಲ್ಲಲೇಬೇಡಿ. ಆಟಕ್ಕೆ ಡ್ರೇಕ್ಸ್ ಬೀಚ್ ವಾಸಿ, ಗಾಳಿಯೂ ಕಡಿಮೆ. ಸೀಲ್‌ಗಳು ಬಂದಿರುವಾಗ ಮುಚ್ಚಿರುವುದೂ ಉಂಟು.

ಪ್ರಶ್ನೆ: ನಾಯಿ, ಡ್ರೋನ್?

ಉತ್ತರ: ಡ್ರೋನ್ ಪೂರ್ತಿ ನಿಷೇಧ. ನಾಯಿಗೆ ಬಹುತೇಕ ಟ್ರೇಲ್‌ಗಳಲ್ಲಿ ಪ್ರವೇಶ ಇಲ್ಲ, ಕೆಲವು ಬೀಚ್‌ಗಳಲ್ಲಿ ಮಾತ್ರ ಹಗ್ಗ ಹಾಕಿ ಒಯ್ಯಬಹುದು. ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ಹೆಚ್ಚಿನ ಕಡೆ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಪಾಯಿಂಟ್ ರೇಯ್ಸ್ ಸ್ಟೇಷನ್ ಊರಿನಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳಿ.